ನಸುಗುನ್ನಿ ಬೀಜ ಮತ್ತು ಅರ್ಧ ಗಂಟೆಯ ಲೇಹ್ಯ

ತಿಪಟೂರಿನಂಥ ಊರಲ್ಲಿ ಹೆಂಗಸೊಬ್ಬಳು ಆಯುರ್ವೇದ ಕ್ಲಿನಿಕ್ ಇಟ್ಟರೆ ಗಂಡಸರು ಲೈಂಗಿಕ ತೊಂದರೆ ಹೇಳಿಕೊಂಡು ಬರುವುದಿಲ್ಲ ಅಂತ ನಮ್ಮ ಮನೆಯವರು ಲೆಕ್ಕ ಹಾಕಿದ್ದರು. ಬರುತ್ತಾರೆ. ಸೊಂಟನೋವು ಅಂತ ಬರುತ್ತಾರೆ, ಗ್ಯಾಸ್ಟ್ರಿಕ್ ಅಂತ ಬರುತ್ತಾರೆ. ಚೀಟಿ ಬರೆಸಿಕೊಂಡು ಎದ್ದು, ಬಾಗಿಲ ಹತ್ತಿರ ಚಪ್ಪಲಿಗೆ ಕಾಲು ತೂರಿಸುತ್ತ ತಿರುಗಿ, "ಮೇಡಂ, ಹಂಗೇ... ಶಕ್ತಿಗೆ ಏನಾದ್ರೂ ಪುಡಿ ಇದ್ರೆ" ಅನ್ನುತ್ತಾರೆ. ಅವರು ಬಂದದ್ದೇ ಅದಕ್ಕೆ ಅಂತ ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ಈಗ ಚಪ್ಪಲಿ ಬಿಡಿಸಿ ಮತ್ತೆ ಕೂರಿಸುತ್ತೇನೆ.

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ, ಅಂದರೆ ಲೈಂಗಿಕ ಶಕ್ತಿ ಹೆಚ್ಚಿಸುವ ಚಿಕಿತ್ಸೆ, ಕೂಡ ಒಂದು. ವಾಜಿ ಅಂದರೆ ಕುದುರೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಸಾಯನ (ಮುಪ್ಪು ತಡೆಯುವ ಚಿಕಿತ್ಸೆ) ಮೊದಲನೇ ಅಧ್ಯಾಯ, ವಾಜೀಕರಣ ಎರಡನೆಯದು, ಜ್ವರಕ್ಕಿಂತ ಮುಂಚೆ. ಕಾಲೇಜಿನಲ್ಲಿ ಈ ಪಾಠ ಬಂದಾಗ ಹಿಂದಿನ ಬೆಂಚಿನವರು ನಕ್ಕರು, ಮೇಷ್ಟ್ರು ಓಡಿಸಿಕೊಂಡು ಹೋದರು. ಹಾಗೆ ಓಡಿಸಿದ್ದರಲ್ಲಿ ಒಂದು ಮಾತು ನನ್ನ ಕಿವಿಯಿಂದ ಜಾರಿಹೋಗಿತ್ತು: ಕೊಳೆ ಬಟ್ಟೆಗೆ ಬಣ್ಣ ಹಿಡಿಯದ ಹಾಗೆ, ಶುದ್ಧಿಯಿಲ್ಲದ ಮೈಗೆ ವಾಜೀಕರಣ ಹತ್ತುವುದಿಲ್ಲ ಅನ್ನುವುದು. ಅದನ್ನು ನನಗೆ ಕಲಿಸಿದ್ದು ಒಬ್ಬ ಲಾರಿ ಡ್ರೈವರ್.

ನಲವತ್ನಾಲ್ಕು ವರ್ಷದವನು, ಗಟ್ಟಿಮುಟ್ಟು ಆಳು. ಒಂದು ವರ್ಷದಿಂದ ನಿಮಿರುವಿಕೆ ಸರಿಯಿಲ್ಲ, ಸುಸ್ತು ಬೇರೆ. ನಾನು ಹೊಸ ಡಾಕ್ಟರು, ಕೈಯಲ್ಲಿ ಹೊಸ ಅಶ್ವಗಂಧ. ದಿನಕ್ಕೆರಡು ಸಲ ಚೂರ್ಣ, ಬಿಸಿ ಹಾಲು, ಒಂದು ಚಮಚ ತುಪ್ಪ, ರುಚಿಗೆ ಕಲ್ಲುಸಕ್ಕರೆ. ನಾಲ್ಕು ತಿಂಗಳು ಶ್ರದ್ಧೆಯಿಂದ ಕುಡಿದ. ಐದನೇ ತಿಂಗಳು ಕುಂಟುತ್ತ ಬಂದ, ಹೆಬ್ಬೆರಳಲ್ಲಿ ಮಾಯದ ಗಾಯ. ಅವತ್ತು ಮೊದಲ ಸಲ ಅವನ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ 380 ಇತ್ತು. ನಾಲ್ಕು ತಿಂಗಳು ಸಕ್ಕರೆ ಕಾಯಿಲೆಯವನಿಗೆ ನಾನೇ ಕೈಯಾರೆ ಕಲ್ಲುಸಕ್ಕರೆ ತಿನ್ನಿಸಿದ್ದೆ. ಬೆರಳು ಉಳಿಯಿತು, ಪುಣ್ಯಕ್ಕೆ. ಆಮೇಲೆ ಅವನು ನನ್ನ ಕ್ಲಿನಿಕ್ಕಿಗೆ ಬರಲಿಲ್ಲ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಪುಡಿ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಶುಗರ್, ಬಿಪಿ, ಕೊಲೆಸ್ಟ್ರಾಲ್, ಥೈರಾಯ್ಡ್ ನೋಡಲೇಬೇಕು. ಶಿಶ್ನಕ್ಕೆ ರಕ್ತ ಒಯ್ಯುವ ನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು ನಾಲ್ಕು. ಕೊಬ್ಬು ಕಟ್ಟಲು ಶುರುವಾದರೆ ಸಣ್ಣ ಪೈಪು ಮೊದಲು ತಕರಾರು ತೆಗೆಯುತ್ತದೆ. ಎಷ್ಟೋ ಜನರಲ್ಲಿ ಎದೆನೋವಿಗೆ ಕೆಲವು ವರ್ಷ ಮುಂಚೆ ಹಾಸಿಗೆಯಲ್ಲೇ ಸೂಚನೆ ಸಿಕ್ಕಿರುತ್ತದೆ. ಆ ಸೂಚನೆಯನ್ನು ಪುಡಿ ಹಾಕಿ ಮುಚ್ಚುವುದು ನನ್ನ ಕೆಲಸವಲ್ಲ.

ಪರೀಕ್ಷೆಯ ಜೊತೆಗೆ ಕೇಳುವ ಪ್ರಶ್ನೆ ಒಂದಿದೆ: ಬೆಳಗಿನ ಜಾವ ಎದ್ದಾಗ ತಾನಾಗಿಯೇ ಗಡಸಾಗಿರುತ್ತದಾ? ಮೊದಮೊದಲು ಇದನ್ನು ಕೇಳುವಾಗ ನಾನೇ ಪೆನ್ನಿನ ಮುಚ್ಚಳ ನೋಡುತ್ತಿದ್ದೆ. ಹೌದು ಅಂದರೆ ಯಂತ್ರ ಸರಿಯಿದೆ, ತೊಂದರೆ ಹೆಚ್ಚಾಗಿ ಮನಸ್ಸಿನದು: ಸಾಲ, ಜಗಳ, ಭಯ, ಒಂದೇ ರೂಮಿನಲ್ಲಿ ಮಲಗುವ ಅತ್ತೆ. ನಿಧಾನಕ್ಕೆ ಅದೂ ನಿಂತುಹೋಗಿದೆ ಅಂದರೆ ನಾಳ, ನರ, ಸಕ್ಕರೆಯ ಕಡೆ ನೋಡಬೇಕು. ಆಮೇಲೆ ಬೀಡಿ, ಕುಡಿತ, ನುಂಗುತ್ತಿರುವ ಮಾತ್ರೆಗಳು. ಬಿಪಿಯ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ ಇದೇ ತೊಂದರೆ ಕೊಡುತ್ತವೆ. ನೀವೇ ನಿಲ್ಲಿಸಬೇಡಿ, ಬರೆದವರ ಹತ್ತಿರ ಹೋಗಿ ಬದಲಾಯಿಸಿ ಅಂತ ಕೇಳಿ, ಅಂತ ಚೀಟಿ ಬರೆದು ಕಳಿಸುತ್ತೇನೆ.

ಇಷ್ಟಾದ ಮೇಲೆ ಗಿಡದ ಮಾತು. ನನ್ನ ಹತ್ತಿರ ಇರುವುದು ನಾಲ್ಕೇ ಡಬ್ಬಿ. ಅಶ್ವಗಂಧ, ಅಂದರೆ ಹಿರೇಮದ್ದಿನ ಬೇರು, ಮಧ್ಯಪ್ರದೇಶದ ನೀಮಚ್ ಕಡೆಯ ಮಾಲು, ಗ್ರಂಥಿಗೆ ಅಂಗಡಿಯಿಂದ ತರಿಸುತ್ತೇನೆ. ನೆಗ್ಗಿಲು ಮುಳ್ಳು ನಮ್ಮ ಹೊಲದ ಬದುವಿನಲ್ಲೇ ಕಾಲಿಗೆ ಚುಚ್ಚುತ್ತದೆ. ಶತಾವರಿ ಬೇರು. ನಾಲ್ಕನೆಯದು ನಸುಗುನ್ನಿ.

ನಸುಗುನ್ನಿ ಗೊತ್ತಲ್ಲ, ಸ್ಕೂಲಲ್ಲಿ ಬೆಂಚಿನ ಮೇಲೆ ಉದುರಿಸಿ ಮೇಷ್ಟ್ರ ಮೈ ಕೆರೆಸುತ್ತಿದ್ದ ಬಳ್ಳಿಯ ಕಾಯಿ. ಸಿಪ್ಪೆಯ ಮೇಲಿನ ಕಂದು ರೋಮವೇ ತುರಿಕೆಯ ಮೂಲ. ಒಳಗಿನ ಬೀಜ ಅವರೆಕಾಳಿಗಿಂತ ದಪ್ಪ, ನುಣ್ಣಗೆ ಹೊಳೆಯುತ್ತದೆ. ಇದನ್ನು ಹಸಿಯಾಗಿ ಕುಟ್ಟಿ ಕೊಡುವ ಹಾಗಿಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ, ಪಾತ್ರೆಯ ಮೇಲೆ ಅಡ್ಡ ಕೋಲಿಟ್ಟು, ತಳ ಮುಟ್ಟದ ಹಾಗೆ ಹಸುವಿನ ಹಾಲಲ್ಲಿ ಇಳಿಬಿಟ್ಟು ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸುತ್ತೇನೆ. ಹಾಲು ಉಕ್ಕದಂತೆ ಪಕ್ಕದಲ್ಲೇ ಕೂತಿರಬೇಕು. ಮೊದಲನೇ ಗಂಟೆ ಹಸಿ ವಾಸನೆ, ಕೊನೆಗೆ ಬೆಂದ ಅವರೆಕಾಳಿನ ವಾಸನೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಜಾರಿ ಬೇಳೆ ಪುಟಕ್ಕೆಂದು ಹೊರಬರಬೇಕು. ಬರದಿದ್ದರೆ ಇನ್ನೂ ಅರ್ಧ ಗಂಟೆ. ಹಾಲನ್ನು ಚೆಲ್ಲುತ್ತೇನೆ, ಬೆಕ್ಕಿಗೂ ಹಾಕುವುದಿಲ್ಲ. ಬೇಳೆ ತೊಳೆದು ನೆರಳಲ್ಲಿ ಒಣಗಿಸಿ, ಗಲಗಲ ಅಂದಾಗ ಪುಡಿ ಮಾಡಿಸುತ್ತೇನೆ.

ಈ ಬೀಜದಲ್ಲಿ ಎಲ್-ಡೋಪಾ ಇರುವುದು 1937ರಷ್ಟು ಹಿಂದೆಯೇ ಭಾರತದಲ್ಲಿ ಪತ್ತೆಯಾಗಿದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧ ಅದೇ. ಮಿದುಳಲ್ಲಿ ಡೋಪಮಿನ್ ಆಗುತ್ತದೆ, ಆಸೆ ಹುಟ್ಟಿಸುವ ಕೆಲಸದಲ್ಲಿ ಅದರ ಪಾಲಿದೆ. ಲಖನೌದ ವೈದ್ಯರು ಮಕ್ಕಳಾಗದ 75 ಗಂಡಸರಿಗೆ ದಿನಕ್ಕೆ 5 ಗ್ರಾಂನಂತೆ ಮೂರು ತಿಂಗಳು ಹಾಲಲ್ಲಿ ಕೊಟ್ಟು, 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆ ಸುಧಾರಿಸಿದ್ದನ್ನು ತೋರಿಸಿದರು. ಎಲ್-ಡೋಪಾ ಇರುವುದರಿಂದಲೇ ಮನೋರೋಗದ ಮಾತ್ರೆ ತಿನ್ನುವವರಿಗೂ ಪಾರ್ಕಿನ್ಸನ್ ಇರುವವರಿಗೂ ನಾನು ಇದನ್ನು ಕೊಡುವುದಿಲ್ಲ. ಗುಣ ಇರುವ ವಸ್ತುವಿಗೆ ಅವಗುಣವೂ ಇರುತ್ತದೆ; ಇದರದ್ದು ವಾಕರಿಕೆ, ತಲೆಸುತ್ತು.

ಮಿಕ್ಕವುಗಳ ಬಗ್ಗೆ ನನ್ನ ನಂಬಿಕೆ ಒಂದೇ ಸಮ ಇಲ್ಲ. ಅಶ್ವಗಂಧ ನಿದ್ದೆ ಮತ್ತು ಆತಂಕಕ್ಕೆ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ. ನಿದ್ದೆ ಸರಿಹೋದರೆ ಉಳಿದದ್ದು ತಾನೇ ಅರ್ಧ ಸರಿಹೋಗುತ್ತದೆ. ಆದರೆ ಥೈರಾಯ್ಡ್ ಜಾಸ್ತಿ ಇರುವವರಿಗೆ, ಬಸುರಿಯರಿಗೆ ಬೇಡ. ಯಕೃತ್ತಿಗೆ ಪೆಟ್ಟಾದ ವರದಿಗಳು ಬಂದಿವೆ, ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿಯೂ ಆಗಿದೆ. "ನಮ್ಮ ಬೇರಿನ ಮೇಲೆ ಫಾರಿನ್ನಿನವರ ಹೊಟ್ಟೆಕಿಚ್ಚು" ಅಂತ ನಮ್ಮವರೇ ವಾಟ್ಸಾಪಿನಲ್ಲಿ ಹಾಕುತ್ತಾರೆ. ನಾನು ಮಾತ್ರ ಮೂತ್ರ ಹಳದಿಯಾದರೆ, ಮೈ ತುರಿಸಿದರೆ ತಕ್ಷಣ ನಿಲ್ಲಿಸಿ ಬನ್ನಿ ಅಂತ ಪೊಟ್ಟಣದ ಮೇಲೆ ಬರೆದು ಕೊಡುತ್ತೇನೆ. ನೆಗ್ಗಿಲು ಗಂಡಸರ ಹಾರ್ಮೋನು ಏರಿಸುತ್ತದೆ ಅಂತ ಜಿಮ್ಮಿನ ಹುಡುಗರು ಡಬ್ಬಿಗಟ್ಟಲೆ ತಿನ್ನುತ್ತಾರೆ; ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಉರಿಮೂತ್ರಕ್ಕೆ ಮಾತ್ರ ನೆಗ್ಗಿಲು ಕಷಾಯ ಕೊಡುತ್ತೇನೆ.

ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಹಾಗಾಗಿ ಮೂರು ತಿಂಗಳಿಗೆ ಮುಂಚೆ ಫಲ ಕೇಳಬೇಡಿ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ. ಅಷ್ಟಕ್ಕೆ ಅರ್ಧ ಜನ ಎದ್ದು ಹೋಗುತ್ತಾರೆ. ಎಲ್ಲಿಗೆ ಹೋಗುತ್ತಾರೆ ಅಂತ ಗೊತ್ತು: ಹೆದ್ದಾರಿ ಪಕ್ಕದ ಟೆಂಟಿಗೆ, ಇಲ್ಲಾ ಮೊಬೈಲಿನ ಜಾಹೀರಾತಿಗೆ.

ಹಾಗೆ ಹೋಗಿ ಬಂದವರಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರು. ಐವತ್ತೆರಡು ವಯಸ್ಸು. ಒಂದು ಮಂಗಳವಾರ ಅವರ ಹೆಂಡತಿ ಕೈಚೀಲದಿಂದ ಲೇಹ್ಯದ ಬಾಟಲಿ ತೆಗೆದು ಟೇಬಲ್ಲಿನ ಮೇಲಿಟ್ಟರು. "ಇದು ತಿಂದ ರಾತ್ರಿ ಬಚ್ಚಲಲ್ಲಿ ಬಿದ್ರು ಡಾಕ್ಟ್ರಮ್ಮ." ಲೇಬಲ್ಲಿನಲ್ಲಿ ನೂರಕ್ಕೆ ನೂರು ಗಿಡಮೂಲಿಕೆ ಅಂತಿತ್ತು, ತಯಾರಕರ ಲೈಸೆನ್ಸ್ ನಂಬರ್ ಇರಲಿಲ್ಲ.

"ತಿಂದು ಎಷ್ಟು ಹೊತ್ತಿಗೆ ಕೆಲಸ ಮಾಡ್ತು?"

"ಅರ್ಧ ಗಂಟೆ," ಅಂದರು ಯಜಮಾನರು, ಸ್ವಲ್ಪ ಹೆಮ್ಮೆಯಿಂದಲೇ.

"ಮುಖ ಬಿಸಿಯಾಯ್ತಾ? ಮೂಗು ಕಟ್ತಾ? ತಲೆ ಸಿಡೀತಾ?"

ಅವರು ಹೆಂಡತಿಯ ಮುಖ ನೋಡಿದರು. ಮೂರೂ ಆಗಿತ್ತು.

ಅಶ್ವಗಂಧಕ್ಕಾಗಲಿ ನಸುಗುನ್ನಿಗಾಗಲಿ ಅರ್ಧ ಗಂಟೆಯಲ್ಲಿ ಮೂಗು ಕಟ್ಟುವುದಿಲ್ಲ. ಅದು ಸಿಲ್ಡೆನಾಫಿಲ್ (ವಯಾಗ್ರ) ಗುಂಪಿನ ಮಾತ್ರೆಯ ಲಕ್ಷಣ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕ ಔಷಧ, ವೈದ್ಯರು ನೋಡಿ ಕೊಟ್ಟರೆ ಒಳ್ಳೆಯ ಔಷಧವೇ. ಅದನ್ನು ಪುಡಿ ಮಾಡಿ 'ಗಿಡಮೂಲಿಕೆ' ಡಬ್ಬಿಗೆ ಬೆರೆಸುವ ದಂಧೆಯ ಬಗ್ಗೆ ಅಲ್ಲಿನ ಔಷಧ ಇಲಾಖೆ ಮತ್ತೆ ಮತ್ತೆ ಎಚ್ಚರಿಸಿದೆ. ಯಜಮಾನರ ಅಂಗಿ ಜೇಬಲ್ಲಿ ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ಇತ್ತು. ಅವತ್ತು ರಾತ್ರಿ ಎದೆ ಹಿಡಿದಂತಾಗಿ ಒಂದು ಇಟ್ಟುಕೊಂಡಿದ್ದರಂತೆ. ಆ ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ, ಜೀವ ಹೋಗಬಹುದು. ಇವರು ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡು ಉಳಿದರು. ಹೃದಯದ ಡಾಕ್ಟರಿಗೆ ಲೇಹ್ಯದ ವಿಷಯ ಹೇಳಿದ್ದೀರಾ ಅಂದೆ. "ಅದೇನು ಔಷಧಿನಾ ಮೇಡಂ, ಬರೀ ಆಯುರ್ವೇದ ಅಲ್ವಾ" ಅಂದರು. ನನ್ನ ಎದುರಿಗೆ ಕೂತು!

ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಕ್ಕೆ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ರೈಲ್ವೆ ಹಳಿ ಪಕ್ಕದ ಗೋಡೆಗಳು ಅದನ್ನು ಓದಿದ ಹಾಗಿಲ್ಲ.

ಇನ್ನು ಹುಡುಗರು. ಇಪ್ಪತ್ತು ಇಪ್ಪತ್ತೆರಡು ವಯಸ್ಸು, ಸ್ವಪ್ನದಲ್ಲಿ ಧಾತು ಹೋಗುತ್ತಿದೆ, ಅದಕ್ಕೇ ಸೊರಗಿದ್ದೇನೆ ಅಂತ ಬರುತ್ತಾರೆ. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಇದನ್ನು 'ಧಾತ್ ಸಿಂಡ್ರೋಮ್' ಅಂತ ಕರೆದರು. ಇವರಿಗೆ ನಾನು ಪುಡಿ ಕೊಡುವುದಿಲ್ಲ, ಕೊಟ್ಟರೆ ಕಾಯಿಲೆ ಇದೆ ಅಂತ ರುಜು ಹಾಕಿಕೊಟ್ಟಂತೆ. ನಲವತ್ತು ನಿಮಿಷ ಮಾತಾಡುತ್ತೇನೆ. ಕೆಲವರಿಗೆ ಅದು ಮೋಸ ಅನ್ನಿಸುತ್ತದೆ: ಫೀಜು ತಗೊಂಡು ಔಷಧಿ ಕೊಡಲಿಲ್ಲ.

ಈ ಇಪ್ಪತ್ತು ವರ್ಷದಲ್ಲಿ ಶಕ್ತಿ ಪುಡಿ ಕೇಳಿದ ಹೆಂಗಸರು ಬಹಳ ಮಂದಿ, ಎಲ್ಲರೂ ಗಂಡನಿಗೆ ಅಂತ. ಶಾಸ್ತ್ರವೂ ಗಂಡಸಿನ ಕಡೆಯಿಂದಲೇ ಮಾತಾಡುತ್ತದೆ. ಮನಸ್ಸಿಗೆ ಹಿತವಾದ ಹೆಣ್ಣೇ ಶ್ರೇಷ್ಠ ವಾಜೀಕರಣ ಅನ್ನುವಲ್ಲಿಗೆ ಹೆಣ್ಣೂ ಒಂದು ಔಷಧವಾಗಿಬಿಡುತ್ತಾಳೆ. ಕಳೆದ ವರ್ಷ ಲೇಹ್ಯದ ಬಾಟಲಿ ತಂದ ಅದೇ ತಾಯಿ, ಯಜಮಾನರಿಗೆ ಸ್ಟೆಂಟ್ ಹಾಕಿಸಿ ಆರು ತಿಂಗಳಾದ ಮೇಲೆ, ಒಬ್ಬರೇ ಬಂದರು. ಇವರಿಗೆ ಇನ್ನು ಪರವಾಗಿಲ್ಲ, ಎರಡು ಮಹಡಿ ಏದುಸಿರಿಲ್ಲದೆ ಹತ್ತಿದರೆ ಸಾಕು ಅಂತ ದೊಡ್ಡ ಡಾಕ್ಟರು ಹೇಳಿದ್ದಾರೆ, ಹತ್ತುತ್ತಾರೆ ಅಂದರು. ಎದ್ದರು. ಬಾಗಿಲ ಹತ್ತಿರ ಚಪ್ಪಲಿಗೆ ಕಾಲು ತೂರಿಸುತ್ತ ತಿರುಗಿದರು.

"ಡಾಕ್ಟ್ರಮ್ಮ, ನಂಗೇ ಉರಿಯುತ್ತೆ. ಮುಟ್ಟು ನಿಂತು ಮೂರು ವರ್ಷ ಆಯ್ತು. ಅದಕ್ಕೇನಾದ್ರೂ ಇದ್ಯಾ?"

ಕೂರಿಸಿದೆ. ಶತಾವರಿ ಡಬ್ಬಿಗೆ ಕೈ ಹೋಗಿತ್ತು, ಹಿಂದಕ್ಕೆ ತಗೊಂಡೆ. ಮುಟ್ಟು ನಿಂತ ಮೇಲಿನ ಒಣಗುವಿಕೆಗೆ ಹಚ್ಚಿಕೊಳ್ಳುವ ಈಸ್ಟ್ರೋಜನ್ ಮುಲಾಮಿಗೆ ಸಮನಾದ ಬೇರು ನನ್ನ ಹತ್ತಿರ ಇಲ್ಲ. ಸ್ತ್ರೀರೋಗದ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡು, "ಇವರಿಗೆ ಹೇಳ್ಬೇಡಿ" ಅಂದರು.