ಸುಟ್ಟ ಮಂಜಿಯ ಹಲಗೆ ಬಿಸಾಡಬೇಡಿ: ನನ್ನ ಅನುಭವ

"ಇದು ಇನ್ನು ಒಲೆಗೇ ಸೈ ಮಾರಾಯ" ಅಂದಿದ್ದರು ನಮ್ಮ ಹಿರಿಯ ಮೇಸ್ತ್ರಿಗಳು. ಆ ಹಳೇ ಹಾಯಿ ಮಂಜಿ, ಅಂದರೆ ಸರಕು ಸಾಗಿಸುವ ಮರದ ಹಡಗು, ಮೂರು ಮಳೆಗಾಲ ಕಳೆದು ಈಗಲೂ ಗಂಗೊಳ್ಳಿಯಲ್ಲಿ ತೇಲುತ್ತಿದೆ. ವಾರಕ್ಕೆರಡು ಬಕೆಟ್ ನೀರು ಮೊಗೆದರೆ ಸಾಕು.

ಬೆಂಕಿ ಬಿದ್ದದ್ದು ರಿಪೇರಿ ಹೊತ್ತಲ್ಲೇ. ಸಂದಿಗೆ ಹಚ್ಚುವ ರಾಳ, ಎಣ್ಣೆ ಒಲೆ ಮೇಲಿತ್ತು. ಕೆಲಸದವರು ಊಟಕ್ಕೆ ಹೋಗಿದ್ದರು. ಸುಮಾರು ಅರ್ಧ ಗಂಟೆ ಉರಿಯಿತು. ಲಂಡನ್ನಿನ ಗ್ರೀನ್‌ವಿಚ್‌ನಲ್ಲಿ 1869ರ ಕಟಿ ಸಾರ್ಕ್ ಹಡಗು ಸುಟ್ಟದ್ದೂ ರಿಪೇರಿ ನಡೆಯುವಾಗಲೇ, 2007ರ ಮೇ 21ರಂದು. ಅರ್ಧದಷ್ಟು ಮರ ಮೊದಲೇ ಬಿಚ್ಚಿ ಬೇರೆ ಕಡೆ ಇಟ್ಟಿದ್ದರಿಂದ ಅದು ಉಳಿಯಿತು. 2012ರಲ್ಲಿ ಮತ್ತೆ ಜನರಿಗೆ ತೆರೆದರು. ಅದರದು ಕಬ್ಬಿಣದ ಪಕ್ಕೆಲುಬು, ನಮ್ಮದು ಪೂರ್ತಿ ಮರ. ಆದರೂ ನನಗೆ ಧೈರ್ಯ ಬಂದದ್ದು ಅಲ್ಲಿಂದಲೇ.

ಮೊದಲು ಗ್ರೈಂಡರ್ ಹಿಡಿದೆ. ಮಸಿ ಡಿಸ್ಕಿಗೆ ಮೆತ್ತಿಕೊಂಡು ಎರಡೇ ದಿನಕ್ಕೆ ಮೂರು ಸಾವಿರದ ಡಿಸ್ಕ್ ಹಾಳು. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ತೊಳೆದೆ. ಮಸಿ ಹೋಯಿತು, ಜೊತೆಗೆ ಮರದ ನಾರೂ ಮೆತ್ತಗಾಯಿತು. ನಾಲ್ಕು ಹಲಗೆ ಕಳಕೊಂಡೆ. ಎಪಾಕ್ಸಿ ಅಂಟು ತುಂಬಿದ್ದು ಮೊದಲ ಮಳೆಗೇ ಸಿಪ್ಪೆ ಎದ್ದಿತು. ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ತಿರ ನೀರಿಗೆ ಹೋಯಿತು.

ಕೊನೆಗೆ ಕೈಗೆ ಬಂದದ್ದು ಮರ ಕೆತ್ತುವ ಬಾಚಿಯೇ. ಎರಡೂವರೆ ಇಂಚಿನ ಸಾಗುವಾನಿಯಲ್ಲಿ ಕಪ್ಪು ಇಳಿದದ್ದು ಮುಕ್ಕಾಲು ಇಂಚು ಅಷ್ಟೇ. ಮೇಲಿನ ಇದ್ದಿಲೇ ಒಳಗಿನ ಮರಕ್ಕೆ ಕಂಬಳಿ ಹೊದಿಸಿದ ಹಾಗೆ ಆಗಿತ್ತು. ಕೆತ್ತುತ್ತಾ ಹೋದಂತೆ ಕಪ್ಪು ಹೋಗಿ ಕಂದು ಬರುತ್ತದೆ. ಅಲ್ಲಿ ನಿಲ್ಲಿಸಬೇಡಿ. ಸುಟ್ಟ ವಾಸನೆ ಹೋಗಿ ಸಾಗುವಾನಿಯ ಎಣ್ಣೆ ವಾಸನೆ ಮೂಗಿಗೆ ಬಡಿಯಬೇಕು. ಮೊಳೆಯ ಸುತ್ತ ಮಾತ್ರ ಇನ್ನೂ ಆಳಕ್ಕೆ ಸುಟ್ಟಿತ್ತು. ಕಾದ ಕಬ್ಬಿಣ ಬೆಂಕಿಯನ್ನು ಒಳಗೇ ಎಳಕೊಂಡು ಹೋಗಿತ್ತು ಅಲ್ವಾ! ಅಂಥ ಕಡೆ ಬೈರಿಗೆ ಹಾಕಿ ದೊಡ್ಡ ಬೆಣೆ ಹೊಡೆದೆ.

ಕಿತ್ತ ಮೊಳೆಗಳನ್ನು ವಾಷಿಂಗ್ ಸೋಡಾ ನೀರಲ್ಲಿಟ್ಟು ಬ್ಯಾಟರಿ ಚಾರ್ಜರ್‌ನಿಂದ ಕರೆಂಟು ಕೊಟ್ಟೂ ನೋಡಿದೆ. ತುಕ್ಕು ಚೆನ್ನಾಗಿ ಬಿಟ್ಟಿತು. ಆದರೆ ಉರಿಯಲ್ಲಿ ಕಾದ ಮೊಳೆ ಹೊಡೆದರೆ ಬಗ್ಗುತ್ತದೆ. ಹೊಸದೇ ತಂದೆ.

ತೆಳುವಾದ ಹಲಗೆಗಳಿಗೆ ಒಳಗಿನಿಂದ ಬೋಗಿ ಮರದ ಪಟ್ಟಿ ಕೊಟ್ಟೆ. ಸಂದಿಗೆ ಹತ್ತಿ, ಮೇಲೆ ರಾಳ. ರಾಳಕ್ಕೆ ಎಣ್ಣೆ ಎಷ್ಟು, ಜೊತೆಗೆ ಇನ್ನೇನು ಅನ್ನುವುದು ನನ್ನ ಹತ್ತಿರವೇ ಇರಲಿ. ಹೊಸ ಹಲಗೆ ಹಾಕಿದ್ದರೆ ಹದಿನಾಲ್ಕು ಲಕ್ಷ ಅಂದಿದ್ದರು. ನಾನು ಐದರೊಳಗೆ ಮುಗಿಸಿದೆ.

ಉಳಿದ ಒಂದು ತುಂಡು ಅಂಗಡಿಯಲ್ಲಿದೆ. ಒಂದು ಮಗ್ಗುಲು ಇದ್ದಿಲು, ಇನ್ನೊಂದು ಹೊಂಬಣ್ಣ. ನಂಬದವರು ಬಂದು ಉಳಿ ಹಾಕಿ ನೋಡಬಹುದು.