ಟ್ಯೂಬು ಯಾಕೆ ಖಾಲಿಯಾಗಿರಲಿಲ್ಲ

ದಾವಣಗೆರೆಯಲ್ಲಿ ನಾನು ಚರ್ಮರೋಗದ ಡಾಕ್ಟರ್. ಸೋರಿಯಾಸಿಸ್, ಅಂದರೆ ಚರ್ಮ ದಪ್ಪಗಟ್ಟಿ ಹೊಟ್ಟು ಏಳುವ ಕಾಯಿಲೆ, ಇರುವವರು ನಮ್ಮ ಹತ್ತಿರ ವರ್ಷಗಟ್ಟಲೆ ಬರುತ್ತಾರೆ. ಅದು ಅಂಟುರೋಗ ಅಲ್ಲ, ಹಾಗಂತ ಬೇರುಸಹಿತ ಹೋಗುವುದೂ ಇಲ್ಲ. ಹತೋಟಿಯಲ್ಲಿ ಇಟ್ಟುಕೊಳ್ಳಬೇಕು, ಅಷ್ಟೇ.

ಎರಡೂ ಅಂಗೈಯಲ್ಲಿ ಸೋರಿಯಾಸಿಸ್ ಇದ್ದ ಒಬ್ಬ ಅಮ್ಮ ಮೂರನೇ ಸಲ ಬಂದಿದ್ದರು. ಕೈ ಮೊದಲಿನ ಹಾಗೇ ಬಿರಿದಿತ್ತು. ಇನ್ನೂ ಜೋರಾದ ಔಷಧಿ ಬರೆಯೋಣ ಅಂತ ನಾನು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಅವರು ಚೀಲದಿಂದ ಹಳೇ ಟ್ಯೂಬು ತೆಗೆದು ಮೇಜಿನ ಮೇಲಿಟ್ಟರು. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ ಮುಲಾಮು ಬರುತ್ತದೆ. ಎರಡು ಅಂಗೈಗೆ ಅಷ್ಟು ಸಾಕು. ದಿನಕ್ಕೊಂದೇ ಸಲ ಹಚ್ಚಿದರೂ ತಿಂಗಳಿಗೆ 15 ಗ್ರಾಂ. 30 ಗ್ರಾಂ ಟ್ಯೂಬು ಅರ್ಧ ಆದರೂ ಖಾಲಿಯಾಗಬೇಕಿತ್ತು. ಇದು ತುಂಬಿಕೊಂಡೇ ಇತ್ತು.

"ಯಾಕಮ್ಮಾ ಹಚ್ಚಲಿಲ್ಲ?"

"ಬೆಳಗ್ಗೆ ಎದ್ದು ರೊಟ್ಟಿ ಬಡೀಬೇಕಲ್ರೀ ಮೇಡಮ್. ಔಷಧಿ ಕೈಲಿ ಹಿಟ್ಟು ಮುಟ್ಟಿದ್ರೆ ಮನೆಯೋರು ಉಣ್ತಾರಾ?"

ನನಗೆ ನಿಜಕ್ಕೂ ಬೇಜಾರಾಯಿತು. 'ಬೆಳಗ್ಗೆ, ರಾತ್ರಿ' ಅಂತ ಚೀಟಿಯಲ್ಲಿ ಬರೆದವಳು ನಾನೇ. ಅವರ ಬೆಳಗ್ಗೆ ಹೇಗಿರುತ್ತದೆ ಅಂತ ಒಂದು ಮಾತು ಕೇಳಿರಲಿಲ್ಲ. ಬೆಳಗಿನದನ್ನು ಬಿಟ್ಟೆವು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಮುಲಾಮು, ಅದರ ಮೇಲೆ ಹತ್ತಿಯ ಕೈಗವಸು. ಹಗಲು ಕೈ ತೊಳೆದಾಗಲೆಲ್ಲ ಒಂದೆರಡು ಹನಿ ಕೊಬ್ಬರಿ ಎಣ್ಣೆ. ಎಣ್ಣೆಗೆ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅದೇ ಔಷಧಿ, ಎರಡು ತಿಂಗಳಲ್ಲಿ ಬಿರುಕು ಮುಚ್ಚಿತು.

ಆಮೇಲೆ ಕಾಯಿಲೆ ಜೀವನವನ್ನು ಎಷ್ಟು ಕಾಡುತ್ತಿದೆ ಎಂದು ಅಳೆಯುವ 10 ಪ್ರಶ್ನೆಗಳ ಪಟ್ಟಿಯನ್ನು ಹಿಡಿದು, ಬಂದವರನ್ನೆಲ್ಲ ಕೇಳತೊಡಗಿದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಫಿನ್ಲೇ ಮತ್ತು ಖಾನ್ ಎಂಬ ವೈದ್ಯರು 1994ರಲ್ಲಿ ಪ್ರಕಟಿಸಿದ್ದು ಅದು. ಕಳೆದ ಒಂದು ವಾರ ತುರಿಕೆ ಎಷ್ಟಿತ್ತು, ಹಾಕಿಕೊಳ್ಳುವ ಬಟ್ಟೆ ಆಯ್ದುಕೊಳ್ಳುವಾಗ ತೊಂದರೆಯಾಯಿತಾ, ಕೆಲಸ ಕೆಟ್ಟಿತಾ, ಹೀಗೆ. ಒಟ್ಟು 30 ಅಂಕ. 10 ದಾಟಿದರೆ ಕಾಯಿಲೆ ಬದುಕನ್ನೇ ಹಿಡಿದಿದೆ ಅಂತ ಅರ್ಥ. ಗಂಡ-ಹೆಂಡಿರ ಸಂಬಂಧದ ಪ್ರಶ್ನೆ ಬಂದಾಗ ಎಲ್ಲರೂ ಸುಮ್ಮನಾಗುತ್ತಿದ್ದರು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿದ ಮೇಲೆ ಬಾಯಿ ಬಿಟ್ಟರು. ಮೊದಲೇ ಮಾಡಬೇಕಿತ್ತು, ಅಲ್ವಾ?

ಒಬ್ಬ ಹುಡುಗನ ಮೊಣಕೈ, ಮೊಣಕಾಲು ಪೂರ್ತಿ ತಿಳಿಯಾಗಿತ್ತು. ನನಗೆ ಖುಷಿಯೋ ಖುಷಿ. ಅವನ ಮುಖ ಮಾತ್ರ ಸಪ್ಪಗಿತ್ತು. ತಲೆಯಿಂದ ಉದುರುವ ಹೊಟ್ಟು ಕಪ್ಪು ಅಂಗಿಯ ಮೇಲೆ ಬೀಳುತ್ತಿತ್ತು. ಅವನಿಗೆ ಕಾಯಿಲೆ ಅಂದರೆ ಅದೊಂದೇ. ತಲೆಗೆ ಕೊಟ್ಟಿದ್ದ ಮುಲಾಮು ಕೂದಲಿಗೆ ಅಂಟುತ್ತದೆ ಅಂತ ಬಿಟ್ಟುಬಿಟ್ಟಿದ್ದ. ಅದನ್ನೇ ಲೋಷನ್ ರೂಪದಲ್ಲಿ ಕೊಟ್ಟೆ.

ಸೋರಿಯಾಸಿಸ್ ಜೋರಾಗಿದ್ದವರಿಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಜಾಸ್ತಿ ಜನಕ್ಕೆ ಇಷ್ಟ, ವಾರಕ್ಕೊಂದೇ ದಿನ ನುಂಗುವುದು. ಆದರೆ ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಅದಕ್ಕೆ ಚೀಟಿಯಲ್ಲಿ ದಿನವನ್ನು ಅವರಿಂದಲೇ ಹೇಳಿಸಿ ಬರೆಯುತ್ತೇನೆ. ಹಳ್ಳಿಯವರು ಬಹಳ ಮಂದಿ ತಮ್ಮೂರ ಸಂತೆ ದಿನವನ್ನು ಆರಿಸಿಕೊಳ್ಳುತ್ತಾರೆ. ರಕ್ತಪರೀಕ್ಷೆ ತಪ್ಪಿಸಬೇಡಿ, ಕುಡಿಯಬೇಡಿ ಅಂತ ಆಗಲೇ ಹೇಳುತ್ತೇನೆ.

ಚರ್ಮದ ಮೇಲೆ ನೇರಳಾತೀತ ಕಿರಣ ಬಿಡುವ ಬೆಳಕಿನ ಚಿಕಿತ್ಸೆಗೆ ವಾರಕ್ಕೆ 2-3 ಸಲ ಬರಬೇಕು. ಎರಡು ಬಸ್ಸು ಬದಲಿಸಿ, ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ ಅಂತ ಅದರ ಮಾತೇ ಎತ್ತುತ್ತಿರಲಿಲ್ಲ. ಹರಿಹರದ ಕಡೆಯ ಒಬ್ಬ ಹೆಣ್ಣುಮಗಳು ಮಗು ಬೇಕು ಅಂದರು. ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ, ಹಾಗಾಗಿ ಮೆಥೊಟ್ರೆಕ್ಸೇಟ್ ಕೊಡುವಂತೆಯೇ ಇರಲಿಲ್ಲ. ಇರುವುದನ್ನೆಲ್ಲ ಮುಂದಿಟ್ಟೆ. ಅವರು ಬೆಳಕೇ ಆಗಲಿ ಅಂದರು. ಕಳೆದ ವಾರ 18ನೇ ಸಲ ಬಂದು ಹೋದರು. ಬೆನ್ನು ತಿಳಿಯಾಗಿದೆ, ಮೊಣಕೈ ಇನ್ನೂ ಇಲ್ಲ. "ಇರ್ಲಿ ಬಿಡಿ ಮೇಡಮ್, ಇನ್ನೂ ಬರ್ತೀನಿ" ಅಂದರು.