ಖಾಲಿ ತೋಟಾದಿಂದ ಓಲೆ, ಪದಕ: ಮೊದಲು ಕೇಪು ನೋಡಿ

ಬಂದೂಕಿನ ಹಳೆಯ ತೋಟಾದಲ್ಲಿ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕೊಳವೆಯಲ್ಲಿ, ಒಡವೆ ಮಾಡಲು ಹೊರಟವರು ಮೊದಲು ಕೇಳುವುದು, ಯಾವ ಪಾಲಿಷ್ ಒಳ್ಳೆಯದು ಅಂತ. ಪಾಲಿಷ್ ಕೊನೆಕೊನೆಗೆ ಬರುವ ಕೆಲಸ, ಅದೂ ಸುಲಭದ್ದು. ಎಡವಟ್ಟಾಗುವುದೆಲ್ಲ ಅದಕ್ಕಿಂತ ಮೊದಲೇ. ತೋಟಾ ನಿಜಕ್ಕೂ ಖಾಲಿಯಾ ಅಂತ ನೋಡದೆ ವೈಸ್‌ಗೆ ಸಿಕ್ಕಿಸುವವರನ್ನು, ಒಳಗಿನ ಮಸಿಯನ್ನು ಬಾಯಿಂದ ಊದಿ ತೆಗೆಯುವವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಆರಿಸುವುದು

ತೋಟಾದ ತಳದ ನಡುವೆ ಬೊಟ್ಟಿಟ್ಟ ಹಾಗೆ ಒಂದು ಪುಟ್ಟ ಬಿಲ್ಲೆ ಇರುತ್ತದಲ್ಲ, ಅದೇ ಕೇಪು, ಅಂದರೆ ಪ್ರೈಮರ್. ಬಂದೂಕಿನ ಸೂಜಿ ಹೊಡೆದಿದ್ದರೆ ಅಲ್ಲಿ ತಗ್ಗು ಬಿದ್ದಿರುತ್ತದೆ. ಕೇಪು ನುಣ್ಣಗಿದ್ದರೆ ಅದು ಇನ್ನೂ ಸಿಡಿದಿಲ್ಲ ಅಂತಲೇ ತಿಳಿಯಿರಿ. ಮುಂದೆ ಗುಂಡು ಇಲ್ಲದಿದ್ದರೂ, ಒಳಗೆ ಮದ್ದು ಇಲ್ಲದಿದ್ದರೂ ಅಷ್ಟೇ. ತಗ್ಗು ಬಿದ್ದಿದೆ, ಆದರೆ ಗುಂಡು ಇನ್ನೂ ಬಾಯಲ್ಲೇ ಕೂತಿದೆ ಅಂದರೆ ಇನ್ನೂ ಕೆಟ್ಟದ್ದು: ಹೊಡೆದರೂ ಹಾರದ ತೋಟಾ ಅದು.

‘ಇಕ್ಕಳದಲ್ಲಿ ಗುಂಡು ಕಿತ್ತು ಮದ್ದು ಸುರಿದರೆ ಆಯ್ತಲ್ವಾ?’ ಅನ್ನುತ್ತಾರೆ. ಆಗಲ್ಲ. ಕೇಪಿನೊಳಗಿನ ಮಸಾಲೆ ಇರುವುದೇ ಪೆಟ್ಟು ಬಿದ್ದರೆ ಸಿಡಿಯಲಿ ಅಂತ. ಎಣ್ಣೆಯಲ್ಲಿ ನೆನೆಹಾಕಿದರೆ ಸಾಯುತ್ತದೆ ಅನ್ನುವುದನ್ನೂ ನಂಬಬೇಡಿ, ನೆನೆದ ಕೇಪೂ ಸಿಡಿಯಬಹುದು. ಇಂಥದ್ದು ಕೈಗೆ ಸಿಕ್ಕರೆ ಪೊಲೀಸರಿಗೆ ತಿಳಿಸಿ. ಹಳೆಯ ಯುದ್ಧಭೂಮಿಯ ಮಣ್ಣಲ್ಲಿ ಕಂಡದ್ದನ್ನಂತೂ ಮುಟ್ಟಲೇಬೇಡಿ.

ಪಾಯಿಂಟ್ 22 ರಿಮ್‌ಫೈರ್ ತೋಟಾಕ್ಕೆ ಪ್ರತ್ಯೇಕ ಕೇಪೇ ಇಲ್ಲ, ಮಸಾಲೆ ತಳದ ಅಂಚಿನೊಳಗೆ ಇರುತ್ತದೆ. ಅದನ್ನು ಬಿಟ್ಟುಬಿಡಿ. ತೀರಾ ತೆಳು, ಕೊಯ್ದರೆ ಸೊಟ್ಟಗಾಗುತ್ತದೆ.

ಉಳಿದವಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು, ಬೇಡ. ಬೆಳ್ಳಿಯಂತೆ ಹೊಳೆಯುವವಕ್ಕೆ ಸಾಮಾನ್ಯವಾಗಿ ನಿಕಲ್ ಲೇಪ ಇರುತ್ತದೆ. ನಿಕಲ್ ಎಷ್ಟೋ ಜನರ ಚರ್ಮಕ್ಕೆ ಒಗ್ಗದು. ಹಳದಿ ಹಿತ್ತಾಳೆಯದೇ ಒಳ್ಳೆಯದು: 70 ಭಾಗ ತಾಮ್ರ, 30 ಭಾಗ ಸತು. ಖಾಲಿ ತೋಟಾ ಇಟ್ಟುಕೊಳ್ಳುವುದಕ್ಕೂ ಕೆಲವು ಕಡೆ ಕಾನೂನಿನ ತೊಡಕಿದೆ. ಕೊಳ್ಳುವ ಮೊದಲೇ ನಿಮ್ಮಲ್ಲಿ ಹೇಗೆ ಅಂತ ವಿಚಾರಿಸಿ.

ಹಂತ 2: ತೊಳೆದು ಕೇಪು ತೆಗೆಯುವುದು

ನಿಧಾನ ಮಾಡಬೇಕಾದ್ದು ಇಲ್ಲಿ. ಹೆಚ್ಚಿನ ಕೇಪುಗಳ ಮಸಾಲೆಯಲ್ಲಿ ಲೆಡ್ ಸ್ಟಿಫ್ನೇಟ್ ಅನ್ನುವ ಸೀಸದ ಸಂಯುಕ್ತ ಇರುತ್ತದೆ. ಸಿಡಿದಾಗ ಅದರ ಸೀಸ ಮಸಿಯ ಜೊತೆ ಸೇರಿ ಒಳಗೋಡೆಗೆ ಅಂಟುತ್ತದೆ. ಬೆರಳಿಟ್ಟರೆ ಬೂದು ಬಣ್ಣದ ನುಣುಪಾದ ಪುಡಿ. ಅದು ಒಣಗಿದ್ದಾಗ ಕೆರೆದರೆ ನೇರ ಮೂಗಿಗೆ. ಹಾಗಾಗಿ ಒಂದೇ ಕಟ್ಟುನಿಟ್ಟು: ಒದ್ದೆ ಮಾಡದೆ ಏನನ್ನೂ ಮಾಡಬೇಡಿ.

ಕೈಗವಸು ಹಾಕಿ, ಸೋಪು ಕದಡಿದ ಬಿಸಿನೀರಿನಲ್ಲಿ ತೋಟಾಗಳನ್ನು ಮುಳುಗಿಸಿಡಿ. ಬಕೆಟ್ ಈ ಕೆಲಸಕ್ಕೇ ಮೀಸಲಿರಲಿ. ಅಡುಗೆಮನೆ ಸಿಂಕ್ ಬೇಡವೇ ಬೇಡ. ಆಮೇಲೆ ಕೇಪು. ಕೇಪಿಗಿಂತ ತುಸು ಅಗಲದ ತೂತಿರುವ ಮರದ ತುಂಡಿನ ಮೇಲೆ ತೋಟಾವನ್ನು ಬಾಯಿ ಮೇಲಾಗಿ ನಿಲ್ಲಿಸಿ. ಟಾರ್ಚ್ ಬಿಟ್ಟು ಒಳಗೆ ನೋಡಿ. ತಳದಲ್ಲಿ ಒಂದೇ ತೂತು ಕಂಡರೆ ಅದು ಬಾಕ್ಸರ್ ಮಾದರಿ, ಕೆಲಸ ಸಲೀಸು. ತೂತು ಸುಮಾರು 2 ಮಿ.ಮೀ. ಇರುತ್ತದೆ. ಅದಕ್ಕಿಂತ ತೆಳುವಾದ ಉಕ್ಕಿನ ಕಡ್ಡಿ ಇಳಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸಣ್ಣ ಸುತ್ತಿಗೆಯಲ್ಲಿ ತಟ್ಟಿ. ಕೇಪು ಕೆಳಗೆ ಉದುರುತ್ತದೆ. ಸೇನೆಯ ತೋಟಾಗಳಲ್ಲಿ ಕೇಪಿನ ಸುತ್ತ ಅಂಚು ಒತ್ತಿ ಬಿಗಿ ಮಾಡಿರುತ್ತಾರೆ, ಅದಕ್ಕೆ ಇನ್ನೆರಡು ಪೆಟ್ಟು ಜಾಸ್ತಿ.

ಎರಡು ಸಣ್ಣ ತೂತು ಕಂಡರೆ ಬರ್ಡನ್ ಮಾದರಿ. ಕಡ್ಡಿ ನಡುವೆ ಹೋಗುವುದಿಲ್ಲ, ಗುದ್ದಾಡಬೇಡಿ. ಅದರ ತಳ ಬಿಟ್ಟು, ಮೇಲಿನ ಕೊಳವೆಯನ್ನಷ್ಟೇ ಬಳೆಬಳೆಯಾಗಿ ಕತ್ತರಿಸಿ ಸರಕ್ಕೆ ಪೋಣಿಸಿ. ಸಿಡಿದ ಕೇಪನ್ನು ತೆಗೆಯದೆ ಒಡವೆಯಲ್ಲೇ ಬಿಡುವವರಿದ್ದಾರೆ, ತಗ್ಗು ಚೆಂದ ಕಾಣುತ್ತದಂತೆ. ನಾನು ಒಪ್ಪಲ್ಲ. ಅದರ ಹಿಂದಿನ ಸೀಸವನ್ನು ಯಾರು ತೊಳೆಯುತ್ತಾರೆ?

ಕೇಪು ಬಂದ ಮೇಲೆ ಇನ್ನೊಂದು ಸಲ ತೊಳೆಯಿರಿ. ಒಂದು ಲೀಟರ್ ಬಿಸಿನೀರಿಗೆ ಒಂದು ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಹತ್ತು ನಿಮಿಷ ಸಾಕು. ರಾತ್ರಿಯಿಡೀ ಬಿಟ್ಟರೆ ಮೇಲಿನ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಾಟಲಿ ಬ್ರಷ್ ಆಡಿಸಿ, ಬಿಳಿ ಬಟ್ಟೆ ಒರೆಸಿದರೆ ಮಸಿ ಹತ್ತಬಾರದು. ಕೊಳೆ ನೀರನ್ನು ಗಿಡಕ್ಕೂ ಚರಂಡಿಗೂ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ ಅಪಾಯಕಾರಿ ಕಸ ತೆಗೆದುಕೊಳ್ಳುವಲ್ಲಿಗೆ ಕೊಡಿ. ಕೈ ತೊಳೆಯುವ ತನಕ ತಿನ್ನುವುದು, ಕುಡಿಯುವುದು, ಸಿಗರೇಟು ಏನೂ ಬೇಡ.

ಹಂತ 3: ಕೊಯ್ಯುವುದು

ಅಕ್ಕಸಾಲಿಗರ ತೆಳು ಗರಗಸ ಸಾಕು. ತಳದಿಂದ 4-5 ಮಿ.ಮೀ. ಬಿಟ್ಟು ಕೊಯ್ದರೆ ಓಲೆಗೆ ಬಿಲ್ಲೆ ಸಿಗುತ್ತದೆ. ಮಿನಿ ಗ್ರೈಂಡರ್ ಬೇಗ ಕತ್ತರಿಸುತ್ತದೆ ನಿಜ, ಧೂಳನ್ನೂ ಅಷ್ಟೇ ಬೇಗ ಹಾರಿಸುತ್ತದೆ. ಅಂಚನ್ನು ಅರದಲ್ಲಿ ಉಜ್ಜಿ, ಆಮೇಲೆ 400, 600, 1000 ನಂಬರಿನ ವಾಟರ್ ಪೇಪರ್, ಪ್ರತಿ ಸಲವೂ ನೀರು ಹಾಕಿಕೊಂಡು. ಬೆರಳ ತುದಿ ಅಂಚಿನ ಮೇಲೆ ಜಾರಬೇಕು, ತಡೆಯಬಾರದು.

ಹಂತ 4: ಹೊಳಪು

ಅಮೋನಿಯಾ ಇರುವ ಪಾಲಿಷ್ ಕೊಳ್ಳಬೇಡಿ, ಡಬ್ಬಿಯ ಹಿಂದೆ ಓದಿ ನೋಡಿ. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಅವನ್ನು ಇಡುತ್ತಿದ್ದದ್ದು ಕುದುರೆ ಲಾಯದಲ್ಲಿ. ಮೂತ್ರದ ಅಮೋನಿಯಾ ಇದಕ್ಕೆ ಕಾರಣ ಅಂತ 1921ರಲ್ಲಿ ಬಗೆಹರಿಯಿತು. ಎಳೆದು ತೆಳುವಾಗಿಸಿದ ಹಿತ್ತಾಳೆಯೊಳಗೆ ಬಿಗುವು ಉಳಿದಿರುತ್ತದೆ, ಅಮೋನಿಯಾ ತಗುಲಿದರೆ ಅಲ್ಲೇ ಸೀಳುತ್ತದೆ.

ಹೊಳಪು ನಿಲ್ಲಲು, ಚರ್ಮ ಹಸಿರಾಗದಿರಲು ಪಾರದರ್ಶಕ ಲ್ಯಾಕರ್ ಬಳಿಯಿರಿ. ನೈಲ್ ಪಾಲಿಷ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಸುಮ್ನೆ ದಂಡ.

ಹಂತ 5: ಜೋಡಿಸುವುದು

ಕೇಪು ಕೂತಿದ್ದ ಗುಂಡಿಯಲ್ಲಿ ಬಣ್ಣದ ಹರಳು ಚೆನ್ನಾಗಿ ಕೂರುತ್ತದೆ. ಸಣ್ಣ ಕೇಪಿನ ಗುಂಡಿ ಸುಮಾರು 4.4 ಮಿ.ಮೀ., ದೊಡ್ಡದು 5.3. ಎರಡು ಟ್ಯೂಬಿನ ಎಪಾಕ್ಸಿಯಲ್ಲಿ ಅಂಟಿಸಿ. ಫೆವಿಕ್ವಿಕ್ ಥರದ ಅಂಟು ಸುತ್ತಲೂ ಬಿಳಿ ಮಂಜು ಕಟ್ಟಿಸುತ್ತದೆ. ಕೊಂಡಿಗೆ ಅಂಚಿನಲ್ಲಿ ತೂತು ಕೊರೆದು ಪುಟ್ಟ ತಂತಿಬಳೆ ಸಿಕ್ಕಿಸಿ. ಬೆಸುಗೆಗೆ ಗ್ಯಾಸ್ ಜ್ವಾಲೆ ಹಿಡಿಯಬೇಡಿ: ಹಿತ್ತಾಳೆ ಅತಿಯಾಗಿ ಕಾದರೆ ಸತು ಹೊಗೆಯಾಗುತ್ತದೆ, ಅದನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ. ಕಿವಿಗೆ ಹೋಗುವ ಕೊಕ್ಕೆ ಟೈಟಾನಿಯಂ ಇಲ್ಲವೇ ಬೆಳ್ಳಿಯದಿರಲಿ.

ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಕ್ಕಳ ಕೈಗೆ ಇದನ್ನು ಕೊಡಬೇಡಿ. ವಿಮಾನದಲ್ಲಿ ಹೋಗುವ ದಿನ ಮನೆಯಲ್ಲೇ ಬಿಡಿ. ಎಕ್ಸ್‌ರೇ ಪರದೆಯಲ್ಲಿ ಅದು ಓಲೆಯ ಹಾಗೆ ಕಾಣುವುದಿಲ್ಲ.